ಮಾತ್ರೆ ಮತ್ತು ಚೀಸ್: ಒಂದು ತಲೆನೋವಿನ ಹಿಂದಿನ ಕಥೆ

1963ರ ಮಾತು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಫಾರ್ಮಸಿಸ್ಟ್ ಒಬ್ಬರ ಹೆಂಡತಿ ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಎರಡು ಸಲ ಚೀಸ್ ತಿಂದಾಗಲೂ ಆಕೆಗೆ ವಿಪರೀತ ತಲೆನೋವು ಬಂತು. ಇದನ್ನು ಗಮನಿಸಿದ ಗಂಡ, ಬ್ಯಾರಿ ಬ್ಲ್ಯಾಕ್‌ವೆಲ್ ಎಂಬ ಯುವ ವೈದ್ಯರಿಗೆ ಕಾಗದ ಬರೆದರು. ಚೀಸ್‌ನಿಂದ ಹೀಗೂ ಆಗುತ್ತಾ? ನಂಬುವುದು ಕಷ್ಟ ಅಲ್ವಾ! ಆದರೆ ಆ ಅನುಮಾನವೇ ನಿಜವಾಯಿತು.

ಚೀಸ್ ಹಳೆಯದಾದಂತೆ ಅದರೊಳಗಿನ ಬ್ಯಾಕ್ಟೀರಿಯಾ ಟೈರಮಿನ್ ಎಂಬ ವಸ್ತುವನ್ನು ಮಾಡುತ್ತವೆ. ಗ್ರೀಕ್ ಭಾಷೆಯಲ್ಲಿ 'ಟೈರೋಸ್' ಅಂದರೇ ಚೀಸ್. ಸಾಮಾನ್ಯವಾಗಿ ಇದರಿಂದ ತೊಂದರೆಯಿಲ್ಲ. ನಮ್ಮ ಕರುಳು ಮತ್ತು ಲಿವರ್‌ನಲ್ಲಿರುವ ಎಂಎಒ ಎಂಬ ಕಿಣ್ವ ಟೈರಮಿನ್ ರಕ್ತಕ್ಕೆ ಸೇರುವ ಮೊದಲೇ ಬಹುಪಾಲನ್ನು ಒಡೆದುಹಾಕುತ್ತದೆ. ಫೆನೆಲ್ಜಿನ್, ಟ್ರಾನಿಲ್‌ಸಿಪ್ರೊಮಿನ್‌ನಂಥ ಹಳೆಯ ಕಾಲದ ಖಿನ್ನತೆಯ ಮಾತ್ರೆಗಳು ಕಟ್ಟಿಹಾಕುವುದು ಇದೇ ಕಿಣ್ವವನ್ನು. ಮಿದುಳಿಗೆ ಅದರಿಂದ ಉಪಕಾರ, ಆದರೆ ಕರುಳಿನಲ್ಲಿ ಕಾವಲು ಇಲ್ಲದಂತಾಗುತ್ತದೆ. ಟೈರಮಿನ್ ನೇರವಾಗಿ ನರಗಳ ತುದಿಗೆ ಹೋಗಿ ಅಲ್ಲಿ ಕೂಡಿಟ್ಟ ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕವನ್ನು ಹೊರಕ್ಕೆ ತಳ್ಳುತ್ತದೆ. ರಕ್ತನಾಳ ಬಿಗಿಯುತ್ತವೆ, ಬಿಪಿ ಒಮ್ಮೆಲೇ ಏರುತ್ತದೆ. ತಲೆಯ ಹಿಂಭಾಗ ಸಿಡಿದಂತೆ ನೋವು, ಎದೆಬಡಿತ, ಬೆವರು. ಕೆಲವರಿಗೆ ಮಿದುಳಿನಲ್ಲಿ ರಕ್ತಸ್ರಾವವೂ ಆಗಿದೆ. ಊಟವಾದ ಮೇಲೆ ಹೀಗಾದರೆ ಸುಮ್ನೆ ಮಲಗಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.

ಹಳೆಯ ಚೀಸ್ ಒಂದೇ ಅಲ್ಲ. ಒಣಗಿಸಿ ಹುದುಗಿಸಿದ ಮಾಂಸ, ಸೋಯಾ ಸಾಸ್, ಪೀಪಾಯಿಯಿಂದ ಬಸಿದ ಬಿಯರ್‌ನಲ್ಲೂ ಟೈರಮಿನ್ ಜಾಸ್ತಿ ಇರಬಹುದು. ಬೇಯಿಸಿದರೂ ಅದು ಹೋಗುವುದಿಲ್ಲ. ತಾಜಾ ಹಾಲು, ತಾಜಾ ಚೀಸ್‌ನಲ್ಲಿ ಬಹಳ ಕಡಿಮೆ.

ಇದನ್ನು ಓದಿ ಹೆದರಿ ಯಾರೂ ಮಾತ್ರೆ ಬಿಡಬಾರದು ಎಂಬುದೇ ನನ್ನ ದೊಡ್ಡ ಆತಂಕ. ಇವತ್ತು ಹೆಚ್ಚಿನವರು ತೆಗೆದುಕೊಳ್ಳುವ ಸರ್ಟ್ರಾಲಿನ್, ಫ್ಲೂಆಕ್ಸೆಟಿನ್‌ನಂಥ ಮಾತ್ರೆಗಳು ಬೇರೆ ಬಗೆಯವು. ಅವಕ್ಕೆ ಚೀಸ್ ಪಥ್ಯ ಬೇಕಿಲ್ಲ. ಅಲ್ಲಿ ಎಚ್ಚರ ಬೇಕಾದದ್ದು ಸೇಂಟ್ ಜಾನ್ಸ್ ವರ್ಟ್ ಎಂಬ ಗಿಡಮೂಲಿಕೆಯ ಬಗ್ಗೆ. ಗಿಡದ್ದು ತಾನೇ ಎಂದು ಜೊತೆಗೆ ನುಂಗಿದರೆ ಸೆರೊಟೋನಿನ್ ಎಂಬ ಇನ್ನೊಂದು ನರ ರಾಸಾಯನಿಕ ಮಿತಿಮೀರಿ ಜ್ವರ, ನಡುಕ, ಗೊಂದಲ ಶುರುವಾಗಬಹುದು.

ಹಳೆಯ ಮಾತ್ರೆಯನ್ನು ವೈದ್ಯರೇ ನಿಲ್ಲಿಸಿದರೂ ಪಥ್ಯ ಅವತ್ತೇ ಮುಗಿಯುವುದಿಲ್ಲ. ಕಟ್ಟಿಬಿದ್ದ ಕಿಣ್ವ ಮತ್ತೆ ಬಿಚ್ಚಿಕೊಳ್ಳುವುದಿಲ್ಲ, ದೇಹ ಹೊಸದನ್ನೇ ಮಾಡಿಕೊಳ್ಳಬೇಕು. ಅದಕ್ಕೆ ಸುಮಾರು 2 ವಾರ ಬೇಕು. ಅಲ್ಲಿಯವರೆಗೂ ಹಳೆಯ ಚೀಸ್ ದೂರವೇ ಇರಬೇಕು.