ಮುತ್ತಜ್ಜನ ಅಪ್ಪನ ಹೆಸರು ಆನ್‌ಲೈನ್‌ನಲ್ಲಿ ಸಿಗುತ್ತದೆಯೇ?

ಪ್ರಶ್ನೆ: ನಮ್ಮದು ಚನ್ನಗಿರಿ ತಾಲ್ಲೂಕಿನ ಊರು, ಈಗ ದಾವಣಗೆರೆಯಲ್ಲಿ ನೆಲೆಸಿದ್ದೇವೆ. ಮನೆಯವರಿಗೆ ಮುತ್ತಜ್ಜನ ಹೆಸರಿನವರೆಗೆ ಗೊತ್ತು, ಅದರ ಹಿಂದಿನದು ಗೊತ್ತಿಲ್ಲ. ವಂಶಾವಳಿ ಹುಡುಕಲು ಯಾವ ಜಾಲತಾಣ ಒಳ್ಳೆಯದು?

ಉತ್ತರ: ವಂಶವೃಕ್ಷದ ಜಾಲತಾಣಗಳಿಂದ ಶುರು ಮಾಡಬೇಡಿ. ಫ್ಯಾಮಿಲಿಸರ್ಚ್ ಉಚಿತ, ಸಿಕ್ಕ ಹೆಸರುಗಳನ್ನು ಜೋಡಿಸಿಡಲು ಅನುಕೂಲ. ಆದರೆ ನಮ್ಮ ಕಡೆಯ ರೈತ ಮನೆತನಗಳ ಹೆಸರು ಅಲ್ಲಿ ಸಿಗುವುದು ಅಪರೂಪ. ನಮ್ಮ ಹಿರಿಯರ ಹೆಸರು ಉಳಿದಿರುವುದು ಜಮೀನಿನ ಕಾಗದಗಳಲ್ಲಿ. ಹಾಗಾಗಿ ಮೊದಲು ತೆರೆಯಬೇಕಾದದ್ದು ಕಂದಾಯ ಇಲಾಖೆಯ ‘ಭೂಮಿ’ ತಾಣ.

ಅಲ್ಲಿ ಪಹಣಿ (ಜಮೀನಿನ ಹಕ್ಕು, ಸಾಗುವಳಿಯ ದಾಖಲೆ) ನೋಡುವ ಪುಟದಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್ ಆರಿಸಿ. ಸರ್ನಾಕ್ ಎಂಬಲ್ಲಿ ಬಹುಪಾಲು ನಕ್ಷತ್ರದ ಗುರುತಷ್ಟೇ ಇರುತ್ತದೆ, ಅದನ್ನೇ ಒತ್ತಿ ಹಿಸ್ಸಾ (ಸರ್ವೆ ನಂಬರಿನೊಳಗಿನ ಭಾಗ) ನಂಬರ್‌ಗೆ ಹೋಗಿ. ಸರ್ವೆ ನಂಬರ್ ಗೊತ್ತಿಲ್ಲದಿದ್ದರೆ ಹೊಲದಲ್ಲಿ ನಿಂತು ಮೊಬೈಲಿನ ‘ದಿಶಾಂಕ್’ ಆ್ಯಪ್ ತೆರೆದರೆ ತೋರಿಸುತ್ತದೆ. ಈಗಿನ ಪಹಣಿ ಒಂದನ್ನೇ ನೋಡಿ ಬಿಡಬೇಡಿ, ‘ಓಲ್ಡ್ ಇಯರ್’ ವಿಭಾಗದಲ್ಲಿ ಒಂದೊಂದೇ ಅವಧಿ ಹಿಂದಕ್ಕೆ ಹೋಗಿ. 9ನೇ ಕಲಂನಲ್ಲಿ ಖಾತೆದಾರರ ಹೆಸರು ‘ಇಂಥವರು ಬಿನ್ ಇಂಥವರು’ ಎಂದಿರುತ್ತದೆ. ಅಂದರೆ ಒಂದೇ ಸಾಲಿನಲ್ಲಿ ಎರಡು ತಲೆಮಾರು. ಹೆಣ್ಣುಮಕ್ಕಳ ಹೆಸರು ‘ಕೋಂ’ ಎಂದು ಗಂಡನ ಹೆಸರಿನ ಜೊತೆ ಬರುವುದರಿಂದ ಅವರ ತವರು ಇಲ್ಲಿ ತಿಳಿಯುವುದಿಲ್ಲ.

ನಿಜವಾದ ಗಂಟು ಇರುವುದು 10ನೇ ಕಲಂನಲ್ಲಿ. ಜಮೀನು ಆ ಹೆಸರಿಗೆ ಹೇಗೆ ಬಂತು ಎಂಬುದೂ ಎಂ.ಆರ್. (ಖಾತೆ ಬದಲಾವಣೆಯ) ಸಂಖ್ಯೆಯೂ ಅಲ್ಲಿರುತ್ತದೆ. ಪೌತಿ (ಖಾತೆದಾರರು ತೀರಿಕೊಂಡು ಬಂದದ್ದು) ಅಥವಾ ವಾರಸಾ ಎಂದಿದ್ದರೆ ಆ ಸಂಖ್ಯೆ ಬರೆದುಕೊಳ್ಳಿ. ಪೌತಿ ಖಾತೆಯ ಕಡತದಲ್ಲಿ ಸಾಮಾನ್ಯವಾಗಿ ತೀರಿಕೊಂಡವರ ವಂಶವೃಕ್ಷವನ್ನೇ ಲಗತ್ತಿಸಿರುತ್ತಾರೆ. ಮಕ್ಕಳು, ಹೆಣ್ಣುಮಕ್ಕಳು, ಕೆಲವೊಮ್ಮೆ ತೀರಿಹೋದ ಅಣ್ಣತಮ್ಮಂದಿರ ಸಂಸಾರವೂ ಅದರಲ್ಲಿ ಸಿಗುತ್ತದೆ. ನೂರು ಜಾಲತಾಣ ಜಾಲಾಡುವುದಕ್ಕಿಂತ ಇಂಥ ಒಂದು ಕಡತ ಮೇಲು.

ಕಂಪ್ಯೂಟರ್ ಪಹಣಿ ಬಂದದ್ದು 2000ರ ಆಸುಪಾಸಿನಲ್ಲಿ. ಅದರ ಹಿಂದಿನ ಕೈಬರಹದ ಪಹಣಿ, ಎಂ.ಆರ್. ವಹಿ, ಐ.ಎಲ್. (ಜಮೀನುಗಳ ಸೂಚಿ), ಆರ್.ಆರ್. (ಹಕ್ಕು ದಾಖಲೆ) ಪುಸ್ತಕಗಳು ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಲ್ಲಿವೆ. ‘ಭೂ ಸುರಕ್ಷಾ’ ಯೋಜನೆಯಲ್ಲಿ ಇವನ್ನು ಸ್ಕ್ಯಾನ್ ಮಾಡುತ್ತಿದ್ದಾರೆ. ನಿಮ್ಮೂರಿನದು ಆನ್‌ಲೈನ್‌ನಲ್ಲಿ ಕಾಣದಿದ್ದರೆ ಸರ್ವೆ ನಂಬರ್ ಮತ್ತು ವರ್ಷ ಬರೆದು ದೃಢೀಕೃತ ನಕಲಿಗೆ ಅರ್ಜಿ ಹಾಕಿ. ‘ಹಳೆಯದೆಲ್ಲ ಕೊಡಿ’ ಎಂದು ಬರೆದ ಅರ್ಜಿ ವಾಪಸ್ ಬರುತ್ತದೆ.

ಬಹಳ ಜನ ಎಡವುವುದು 1974ರಲ್ಲಿ. ಭೂ ಸುಧಾರಣಾ ಕಾಯ್ದೆಯ ತಿದ್ದುಪಡಿಯ ನಂತರ ನಮೂನೆ 7 (ಗೇಣಿ ಜಮೀನಿನ ಹಕ್ಕು ಕೋರುವ ಅರ್ಜಿ) ಸಲ್ಲಿಸಿದ ಗೇಣಿದಾರರಿಗೆ ಜಮೀನು ಬಂತು. ನಿಮ್ಮ ಮನೆತನಕ್ಕೆ ಹೀಗೆ ಬಂದದ್ದಾದರೆ, ಅದರ ಹಿಂದಿನ ಪಹಣಿಯಲ್ಲಿರುವ ಖಾತೆದಾರರು ನಿಮ್ಮ ಪೂರ್ವಜರಲ್ಲ, ಭೂಮಾಲೀಕರು. ನಿಮ್ಮವರನ್ನು 12ನೇ ಕಲಂನಲ್ಲಿ, ಸಾಗುವಳಿದಾರರ ಹೆಸರುಗಳ ನಡುವೆ ಹುಡುಕಬೇಕು. ಪೋಡಿಯಾಗಿ (ಅಳತೆಮಾಡಿ ಭಾಗ ಬೇರೆಯಾಗಿ) ಹಿಸ್ಸಾ ಬದಲಾದಲ್ಲೂ ಎಳೆ ತಪ್ಪುತ್ತದೆ. 45/2 ಎಂಬುದು ಹಿಂದೆ ಬರೀ 45 ಆಗಿದ್ದಿರಬಹುದು.

ಜಿಲ್ಲೆಯ ಗಡಿಯನ್ನೂ ನೆನಪಿಡಿ. ದಾವಣಗೆರೆ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ಅಲ್ಲಿಯವರೆಗೆ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗಕ್ಕೆ ಸೇರಿದ್ದವು. ಹರಿಹರ, ಜಗಳೂರು ಚಿತ್ರದುರ್ಗದಲ್ಲಿದ್ದವು. ನ್ಯಾಮತಿಯ ಹಳೆಯ ಕಾಗದ ಹೊನ್ನಾಳಿ ತಾಲ್ಲೂಕಿನ ಹೆಸರಿನಲ್ಲಿರುತ್ತದೆ. ಹರಪನಹಳ್ಳಿಯಂತೂ 1953ರವರೆಗೆ ಮದ್ರಾಸ್ ರಾಜ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು, ಈಗ ವಿಜಯನಗರ ಜಿಲ್ಲೆಯಲ್ಲಿದೆ. ‘ಭೂಮಿ’ಯಲ್ಲಿ ಈಗಿನ ಜಿಲ್ಲೆ ಆರಿಸಿ. ಗೆಜೆಟಿಯರ್, ಹಳೆಯ ಸರ್ಕಾರಿ ಕಡತ, ಶಾಸನ ಸಂಪುಟ ಹುಡುಕುವಾಗ ಆಗಿನ ಜಿಲ್ಲೆ ಹಿಡಿಯಿರಿ. ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ ಇಂಟರ್ನೆಟ್ ಆರ್ಕೈವ್‌ನಲ್ಲಿ ಉಚಿತವಾಗಿದೆ. ಚಿತ್ರದುರ್ಗದ ಶಾಸನಗಳು 11ನೇ ಸಂಪುಟದಲ್ಲಿ, ಚನ್ನಗಿರಿಯವು ಶಿವಮೊಗ್ಗದ 7ನೇ ಸಂಪುಟದಲ್ಲಿವೆ. ಇದರಿಂದ ಊರಿನ ಚರಿತ್ರೆ ತಿಳಿಯುತ್ತದೆ. ಶಾಸನದಲ್ಲಿ ನಿಮ್ಮೂರಿನ ಗೌಡರ ಹೆಸರು ಕಂಡಿತೆಂದು ಅವರನ್ನು ನಿಮ್ಮ ಮೂಲಪುರುಷರೆಂದು ಬರೆದುಕೊಳ್ಳಬೇಡಿ.

ಜಮೀನಿಲ್ಲದ ಮನೆತನಗಳಿಗೆ 2002ರ ಮತದಾರರ ಪಟ್ಟಿ ಆಸರೆ. ಮನೆ ನಂಬರ್, ವಯಸ್ಸು, ತಂದೆ ಅಥವಾ ಗಂಡನ ಹೆಸರು ಅದರಲ್ಲಿರುತ್ತದೆ. ಆಗಿನ ಕ್ಷೇತ್ರಗಳು ಬೇರೆ ಎಂಬುದು ಗಮನದಲ್ಲಿರಲಿ. 2008ರ ವಿಂಗಡಣೆಯಲ್ಲಿ ಭರಮಸಾಗರ ಕ್ಷೇತ್ರವೇ ಹೋಯಿತು, ದಾವಣಗೆರೆ ಉತ್ತರ–ದಕ್ಷಿಣ ಎಂದಾಯಿತು. ಶಾಲೆಯ ದಾಖಲಾತಿ ವಹಿ ಇನ್ನೊಂದು ದಾರಿ, ಅದಕ್ಕೆ ಊರಿನ ಶಾಲೆಗೇ ಹೋಗಬೇಕು. ಜನನ–ಮರಣ ನೋಂದಣಿಯ ತಾಣ ‘ಇ-ಜನ್ಮ’ದಿಂದ ಮುತ್ತಜ್ಜನ ಕಾಲದ್ದು ಸಿಗದು. ಆಸ್ತಿ ನೋಂದಣಿಯ ‘ಕಾವೇರಿ’ ತಾಣದ ಋಣಭಾರ ಪತ್ರವೂ (ಇ.ಸಿ.) ಆನ್‌ಲೈನ್‌ನಲ್ಲಿ 2004ರಿಂದೀಚಿನದು.

ಇಷ್ಟಾದರೂ ಎಳೆ ಕಡಿದರೆ ಹೆಳವರನ್ನು ಹುಡುಕಿ. ಮನೆತನಗಳ ವಂಶಾವಳಿಯನ್ನು ತಲೆತಲಾಂತರದಿಂದ ಬರೆದಿಟ್ಟುಕೊಂಡು ಊರೂರು ಸುತ್ತುವವರು ಅವರು. ಪ್ರತಿಯೊಬ್ಬ ಹೆಳವರಿಗೂ ಇಂತಿಷ್ಟು ಊರು, ಇಂಥ ಮನೆತನಗಳೆಂದು ಹಂಚಿಕೆ ಇರುತ್ತದೆ. ಸುಗ್ಗಿಯ ಹೊತ್ತಿಗೆ ನಿಮ್ಮೂರಿಗೆ ಯಾರು ಬರುತ್ತಾರೆಂದು ಊರಿನ ಹಿರಿಯರನ್ನು ಕೇಳಿ ಫೋನ್ ನಂಬರ್ ಪಡೆಯಿರಿ. ಅವರು ಓದುವಾಗ ಒಪ್ಪಿಗೆ ಕೇಳಿ ಧ್ವನಿ ಮುದ್ರಿಸಿ, ಪುಟದ ಫೋಟೊ ತೆಗೆಯಿರಿ, ಕಾಣಿಕೆ ಕೊಡಿ. ಅವರು ಹೇಳಿದ ಹೆಸರುಗಳನ್ನು ಪಹಣಿಯ ‘ಬಿನ್’ ಸಾಲಿನ ಜೊತೆ ತಾಳೆ ನೋಡಿ. ಬಸಪ್ಪ, ಬಸವಪ್ಪ, ಬಸಣ್ಣ ಒಬ್ಬರೇ ಇರಬಹುದು, ಅಣ್ಣತಮ್ಮಂದಿರೂ ಇರಬಹುದು. ಎರಡು ಕಡೆ ತಂದೆಯ ಹೆಸರೂ ಹೊಂದಿದರೆ ಮಾತ್ರ ಒಂದೇ ವ್ಯಕ್ತಿಯೆಂದು ವೃಕ್ಷಕ್ಕೆ ಸೇರಿಸಿ.