ನೆಕ್ಸ್ಟ್, ನೆಕ್ಸ್ಟ್, ಫಿನಿಶ್: ಮನೆ ಕಂಪ್ಯೂಟರ್‌ನಿಂದ ಮಾಹಿತಿ ಹೊರಗೆ ಹೋದ ಕಥೆ

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಕೆಲಸ ಎಷ್ಟೋ ಮನೆಗಳ ಒಳಗೇ ನಡೆಯುತ್ತದೆ. ಮುಂದಿನ ಕೋಣೆಯಲ್ಲಿ ಹೊಲಿಗೆ ಮಷೀನು, ಕೆಲವು ಕಡೆ ಮೂಲೆಯಲ್ಲೊಂದು ಕಂಪ್ಯೂಟರ್. ಪಾರ್ಟಿಗಳ ಲೆಕ್ಕ ಅದರಲ್ಲೇ, ಮಕ್ಕಳ ಹೋಂವರ್ಕ್ ಅದರಲ್ಲೇ, ಬ್ಯಾಂಕಿನ ಕೆಲಸವೂ ಅದರಲ್ಲೇ. ಅದರಿಂದ ಏನೇನು ಹೊರಗೆ ಹೋಗುತ್ತಿದೆ ಅಂತ ಕೇಳಿದರೆ ಮನೆಯವರಿಗೆ ಗೊತ್ತಿರುವುದಿಲ್ಲ. ಅರ್ಥವಾಗುವ ಹಾಗೆ ಯಾರೂ ಹೇಳಿಲ್ಲ. ಟೆಲಿಮೆಟ್ರಿ (ಬಳಕೆಯ ವಿವರವನ್ನು ಸಾಫ್ಟ್‌ವೇರ್ ತಾನಾಗಿ ಕಂಪನಿಗೆ ಕಳಿಸುವುದು), ಟ್ರ್ಯಾಕಿಂಗ್, ಪ್ರೈವಸಿ ಪಾಲಿಸಿ ಅಂತ ಹೆಸರುಗಳು ಸೇರಿ ವಿಷಯ ಗೋಜಲಾಗಿದೆ. ಮೊದಲಿನಿಂದ ನೋಡೋಣ.

ಫ್ಲಾಪಿ ಕಾಲದಲ್ಲಿ ಈ ತಕರಾರು ಇರಲಿಲ್ಲ. ಮನೆಯ ಕಂಪ್ಯೂಟರ್‌ಗೆ ಹೊರಗಿನ ತಂತಿಯೇ ಇಲ್ಲದ ಮೇಲೆ ಮಾಹಿತಿ ಹೋಗುವುದೆಲ್ಲಿಗೆ? ಇಂಟರ್‌ನೆಟ್‌ಗೆ ಜೋಡಿಸುವ ಮೋಡೆಮ್ ಬಂದ ಮೇಲೆ ದಾರಿಯಾಯಿತು. 1999ರಲ್ಲಿ ಅಮೆರಿಕದ ತಜ್ಞ ರಿಚರ್ಡ್ ಸ್ಮಿತ್ ಇಂಥ ಎರಡು ಸಂಗತಿ ಬಯಲಿಗೆ ತಂದರು. ವಿಂಡೋಸ್ 98 ರಿಜಿಸ್ಟರ್ ಮಾಡುವಾಗ ಬಳಕೆದಾರರು ಬೇಡ ಅಂದರೂ ಕಂಪ್ಯೂಟರ್‌ನ ಗುರುತಿನ ನಂಬರ್ ಕಂಪನಿಗೆ ಹೋಗುತ್ತಿತ್ತು. ರಿಯಲ್‌ಜೂಕ್‌ಬಾಕ್ಸ್ ಎಂಬ ಹಾಡಿನ ಸಾಫ್ಟ್‌ವೇರ್, ಮನೆಯವರು ಯಾವ ಸಿಡಿ ಕೇಳುತ್ತಾರೆ, ಡಿಸ್ಕಿನಲ್ಲಿ ಎಷ್ಟು ಹಾಡುಗಳಿವೆ ಅನ್ನುವುದನ್ನು ಕಳಿಸುತ್ತಿತ್ತು. ಮೊದಲನೆಯದನ್ನು ಸರಿಪಡಿಸುವುದಾಗಿ ಮೈಕ್ರೋಸಾಫ್ಟ್ ಹೇಳಿತು. ಎರಡನೆಯದರ ಕಂಪನಿ ಕ್ಷಮೆ ಕೇಳಿ, ಅದನ್ನು ಸರಿಪಡಿಸುವ ಪ್ಯಾಚ್ ಕೊಟ್ಟಿತು. ತಂತಿಯಲ್ಲಿ ಏನು ಹರಿಯುತ್ತಿದೆ ಅಂತ ಒಬ್ಬರು ಪಟ್ಟಾಗಿ ಕೂತು ನೋಡಿದ್ದರಿಂದ ಇದೆಲ್ಲ ಗೊತ್ತಾಯಿತು.

ನಮ್ಮ ಮನೆಗೆ ಕಂಪ್ಯೂಟರ್ ಬಂದಿದ್ದು ಇದಾಗಿ ಐದಾರು ವರ್ಷಕ್ಕೆ. ಬಿಡಿಭಾಗ ತಂದು ಜೋಡಿಸಿಕೊಡುವ ಅಂಗಡಿಯ ಹುಡುಗ ಅಪ್ಪನಿಗೆ ಹೇಳಿದ್ದು ಇನ್ನೂ ನೆನಪಿದೆ: "ಸುಮ್ನೆ ನೆಕ್ಸ್ಟ್ ಒತ್ಕಂತ ಹೋಗ್ರಿ ಸಾರ್, ಕೊನೆಗೆ ಫಿನಿಶ್ ಅಂತ ಬರ್ತೈತೆ." ನಾವೂ ಹಾಗೇ ಮಾಡಿದೆವು. ಆ ನೆಕ್ಸ್ಟ್‌ಗಳ ನಡುವೆ ಒಂದು ಚಿಕ್ಕ ಚೌಕದಲ್ಲಿ ಮೊದಲೇ ಟಿಕ್ ಹಾಕಿರುತ್ತಿತ್ತು. ಅದನ್ನು ತೆಗೆಯದಿದ್ದರೆ ಉಚಿತ ಪ್ರೋಗ್ರಾಂ ಜೊತೆ ಟೂಲ್‌ಬಾರ್, ಅಂದರೆ ಬ್ರೌಸರ್‌ಗೆ ಅಂಟಿಕೊಳ್ಳುವ ಗುಂಡಿಗಳ ಪಟ್ಟಿ ಕೂಡ ಬಂದು ಕೂರುತ್ತಿತ್ತು. ಒಂದರ ಮೇಲೊಂದು ಸೇರಿ, ಬ್ರೌಸರ್‌ನ ಕಾಲುಭಾಗ ಬರೀ ಟೂಲ್‌ಬಾರ್‌ಗಳೇ. ರಾತ್ರಿ ಯಾರೂ ಮುಟ್ಟದಿದ್ದರೂ ಮೋಡೆಮ್‌ನ ಹಸಿರು ದೀಪ ಮಿಣುಕುತ್ತಿತ್ತು. ಏನೋ ಕೆಲಸ ಮಾಡ್ತಿದೆ ಬಿಡು ಅಂತ ಸುಮ್ಮನಾಗುತ್ತಿದ್ದೆವು.

ಅಂಥ ಎಷ್ಟೋ ಟೂಲ್‌ಬಾರ್‌ಗಳ ಕೆಲಸ ಸರಳ. ನಿಮ್ಮ ಕಂಪ್ಯೂಟರ್‌ಗೆ ಒಂದು ನಂಬರ್ ಕೊಡುತ್ತವೆ. ನೀವು ತೆರೆದ ಪ್ರತಿ ಪುಟದ ವಿಳಾಸವನ್ನೂ ಆ ನಂಬರ್ ಜೊತೆ ಕಳಿಸುತ್ತವೆ. ಹೆಸರೇ ಬೇಕಿಲ್ಲ. ಮಗಳ ಸಿಇಟಿ ಫಲಿತಾಂಶ, ಅಜ್ಜಿಯ ಸಕ್ಕರೆ ಕಾಯಿಲೆ, ಸಾಲದ ಬಡ್ಡಿ, ಇಷ್ಟೂ ಒಂದೇ ನಂಬರಿನ ಕೆಳಗೆ ಸೇರಿದರೆ ಆ ಮನೆ ಎಂಥದ್ದು ಅಂತ ತಿಳಿಯುತ್ತದೆ, ಅಲ್ವಾ? ತಿಂಗಳಿಗೆ ಇಷ್ಟೇ ಎಂಬಿ ಅಂತ ಅಳೆದು ಬಳಸುತ್ತಿದ್ದ ದಿನಗಳವು. ನಮ್ಮ ಮಾಹಿತಿ ಸಾಗಿಸುವ ಖರ್ಚೂ ನಮ್ಮ ಬಿಲ್ಲಿಗೇ ಬೀಳುತ್ತಿತ್ತು.

ಕಾವಲಿಗೆ ಅಂತ ಹಾಕಿಕೊಂಡ ಸಾಫ್ಟ್‌ವೇರ್ ಕೂಡ ಇದರಿಂದ ಹೊರಗಿರಲಿಲ್ಲ. ಅವಾಸ್ಟ್ ಆಂಟಿವೈರಸ್‌ನ ಬಳಕೆದಾರರು ಏನು ಬ್ರೌಸ್ ಮಾಡಿದರು ಎಂಬ ಮಾಹಿತಿಯನ್ನು ಅದರ ಅಂಗಸಂಸ್ಥೆ ಜಂಪ್‌ಶಾಟ್ ಮಾರುತ್ತಿದ್ದ ಸುದ್ದಿ 2020ರ ಜನವರಿಯಲ್ಲಿ ಹೊರಬಂತು. ಜಂಪ್‌ಶಾಟ್ ಮುಚ್ಚಿತು. 2024ರಲ್ಲಿ ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಟಿಸಿ, 1.65 ಕೋಟಿ ಡಾಲರ್ ಕಟ್ಟುವಂತೆ ಅವಾಸ್ಟ್‌ಗೆ ಹೇಳಿತು.

ಅವಾಸ್ಟ್ ಸುದ್ದಿ ಹೊರಬರುವ ಮೊದಲೇ, ಕದ್ದು ತೆಗೆದುಕೊಳ್ಳುವ ಕಾಲ ಹೋಗಿ, ಪ್ರೈವಸಿ ಪಾಲಿಸಿಯಲ್ಲಿ ಬರೆದಿಟ್ಟು ತೆಗೆದುಕೊಳ್ಳುವ ಕಾಲ ಬಂದಿತ್ತು. 2015ರ ಜುಲೈನಲ್ಲಿ ವಿಂಡೋಸ್ 10 ಬಂದಾಗ ಮಾಹಿತಿ ಕಳಿಸುವುದು ಅದರ ಭಾಗವೇ ಆಗಿತ್ತು. ಯಾವ ಆ್ಯಪ್‌ನಲ್ಲಿ ಎಷ್ಟು ಹೊತ್ತು ಕಳೆದಿರಿ ಅನ್ನುವುದೂ ಹೋಗುತ್ತದೆ, ಇದು ಅತಿಯಾಯಿತು ಅಂತ ಜನರ ಮಾಹಿತಿಯ ರಕ್ಷಣೆ ನೋಡಿಕೊಳ್ಳುವ ಫ್ರಾನ್ಸಿನ ಸಿಎನ್‌ಐಎಲ್ ಸಂಸ್ಥೆ 2016ರಲ್ಲಿ ಮೈಕ್ರೋಸಾಫ್ಟ್‌ಗೆ ನೋಟಿಸ್ ಕೊಟ್ಟಿತು. ಕಂಪನಿ ಸಂಗ್ರಹ ಕಡಿಮೆ ಮಾಡಿತು, 2017ರಲ್ಲಿ ಆ ಪ್ರಕರಣ ಮುಗಿಯಿತು. ಹೀಗೆ ಮಾಹಿತಿ ತೆಗೆದುಕೊಳ್ಳುವುದಕ್ಕೆ ಕಾರಣಗಳೂ ಇವೆ. ಎಲ್ಲಿ ಕೆಟ್ಟಿದೆ ಅಂತ ತಿಳಿಯದೆ ರಿಪೇರಿ ಮಾಡುವುದು ಕಷ್ಟ. ಆದರೆ ಓದಲಾಗದ ಉದ್ದದ ಇಂಗ್ಲಿಷ್ ಕಾಗದಕ್ಕೆ ಒತ್ತಿದ ಒಪ್ಪಿಗೆಯನ್ನು ಒಪ್ಪಿಗೆ ಅನ್ನಲು ನನಗಂತೂ ಮನಸ್ಸು ಬರುವುದಿಲ್ಲ.

ನಮ್ಮಲ್ಲಿ ಈ ಪ್ರಶ್ನೆಗೆ ಬಲ ಬಂದಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯಿಂದ. ಅದು ಆಧಾರ್ ಬಗ್ಗೆ ಹಾಕಿದ ಅರ್ಜಿ. ಅದರಲ್ಲಿ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಅಂದರು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು, 2025ರ ನವೆಂಬರ್‌ನಲ್ಲಿ ನಿಯಮಗಳು. ಮುಖ್ಯ ಕಲಂಗಳು ಜಾರಿಗೆ ಬರಲು ಅಲ್ಲಿಂದ 18 ತಿಂಗಳ ಗಡುವು. ಒಪ್ಪಿಗೆ ಕೇಳುವ ನೋಟಿಸನ್ನು ಸಂವಿಧಾನದ ಎಂಟನೇ ಪರಿಚ್ಛೇದದ ಯಾವ ಭಾಷೆಯಲ್ಲಾದರೂ ಓದುವ ಅವಕಾಶ ಕೊಡಬೇಕು ಅಂತ ಕಾಯ್ದೆಯಲ್ಲಿದೆ. ಅಂದರೆ ಕನ್ನಡದಲ್ಲೂ. ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ವಾಪಸ್ ತೆಗೆದುಕೊಳ್ಳಲೂ ಆಗಬೇಕು.

ಅಲ್ಲಿಯವರೆಗೆ ಇಷ್ಟು ಮಾಡಬಹುದು. ವಿಂಡೋಸ್ 11ರ ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ ವಿಭಾಗಕ್ಕೆ ಹೋಗಿ, ಡಯಾಗ್ನೋಸ್ಟಿಕ್ಸ್ ಅಂತ ಇರುವುದನ್ನು ತೆರೆಯಿರಿ. ಆಪ್ಷನಲ್ ಮಾಹಿತಿ ಕಳಿಸುವುದನ್ನು ಅಲ್ಲಿ ಆಫ್ ಮಾಡಬಹುದು. ರಿಕ್ವೈರ್ಡ್ ಅಂತ ಇರುವ ಇನ್ನೊಂದಕ್ಕೆ ಆಫ್ ಮಾಡುವ ಗುಂಡಿ ಕೊಟ್ಟಿಲ್ಲ.