ನದಿಯ ಹೆಸರು ಬದಲಾದರೆ ಜನವೇ ಉಳಿಯದು: ಕ್ರೋ ನಾಡಿನ ಸ್ಥಳನಾಮಗಳ ಹಿನ್ನೆಲೆ

1806ರ ಜುಲೈ ಕೊನೆಯ ವಾರ. ಪೆಸಿಫಿಕ್ ಕಡಲು ಮುಟ್ಟಿ ಹಿಂದಿರುಗುತ್ತಿದ್ದ, ಪಶ್ಚಿಮದ ನೆಲ ಅರಿಯಲು ಅಮೆರಿಕ ಸರ್ಕಾರ ಕಳಿಸಿದ್ದ ಲೂಯಿಸ್-ಕ್ಲಾರ್ಕ್ ತಂಡದ ಒಂದು ಭಾಗ ಈಗಿನ ಮೊಂಟಾನಾ ರಾಜ್ಯದ ಯೆಲ್ಲೋಸ್ಟೋನ್ ನದಿಯ ದಂಡೆಗೆ ಬಂದಿತ್ತು. ಅಷ್ಟರಲ್ಲಾಗಲೇ ಒಂದೇ ರಾತ್ರಿಯಲ್ಲಿ 24 ಕುದುರೆ ಮಾಯವಾಗಿದ್ದವು. ಉಳಿದವನ್ನು ಸಾರ್ಜೆಂಟ್ ನಥಾನಿಯಲ್ ಪ್ರಯರ್‌ನ ವಶಕ್ಕೆ ಕೊಟ್ಟು, ನೆಲದ ಹಾದಿಯಲ್ಲಿ ಹೊಡೆದುಕೊಂಡು ಹೋಗು ಎಂದು ಹೇಳಿ ವಿಲಿಯಂ ಕ್ಲಾರ್ಕ್ ದೋಣಿ ಹತ್ತಿದ. ಎರಡನೇ ರಾತ್ರಿ ಕಳೆದು ಬೆಳಕು ಹರಿದಾಗ ಪ್ರಯರ್‌ನ ಬಿಡಾರದ ಸುತ್ತ ಒಂದು ಕುದುರೆಯೂ ಇಲ್ಲ. ಕದ್ದವರು ಯಾರ ಕಣ್ಣಿಗೂ ಬೀಳಲಿಲ್ಲ. ಆ ಸೀಮೆಯ ಆದಿವಾಸಿಗಳಾದ ಕ್ರೋ ಜನರದೇ ಕೈಚಳಕ ಎಂಬ ನಂಬಿಕೆ ಮಾತ್ರ ಇಂದಿಗೂ ಉಳಿದಿದೆ. ಸಾರ್ಜೆಂಟ್ ಮತ್ತವನ ಜೊತೆಯವರು ಬೈಸನ್ ಎಂಬ ಭಾರೀ ಕಾಡುದನವನ್ನು ಹೊಡೆದು, ಅದರ ತೊಗಲು ಬಿಗಿದು ಹರಿಗೋಲು ಕಟ್ಟಿಕೊಂಡು, ಕ್ಲಾರ್ಕ್‌ನನ್ನು ಹುಡುಕುತ್ತ ಹೊಳೆಯಲ್ಲಿ ತೇಲಿಹೋದರು.

ಈಗಿನ ನಕ್ಷೆ ತೆಗೆದು ನೋಡಿದರೆ ಅಲ್ಲಿ ಪ್ರಯರ್ ಹೊಳೆ ಇದೆ, ಪ್ರಯರ್ ಬೆಟ್ಟಸಾಲು ಇದೆ, ಅದರ ನಡುವಿನ ಕಣಿವೆದಾರಿಗೂ ಪ್ರಯರ್ ಎಂದೇ ಹೆಸರು, ಕ್ರೋ ಜನರಿಗೆಂದು ಸರ್ಕಾರ ಗುರುತಿಸಿದ ಮೀಸಲು ಪ್ರದೇಶದ ಒಂದು ಊರಿಗೂ ಅದೇ. ಕುದುರೆ ಕಳೆದುಕೊಂಡವನಿಗೆ ಇಷ್ಟೊಂದು ಗೌರವ! ಕಳ್ಳತನ ನಡೆಯುವ ಒಂದೆರಡು ದಿನ ಮೊದಲಷ್ಟೇ ಕ್ಲಾರ್ಕ್ ತನ್ನ ದಿನಚರಿಯಲ್ಲಿ ಆ ಹೊಳೆಗೆ ಸಾರ್ಜೆಂಟನ ಹೆಸರು ಬರೆದಿದ್ದ. ಬರೆದದ್ದು ನಕ್ಷೆಗೆ ಹೋಯಿತು, ನಕ್ಷೆಯದೇ ಖಾಯಂ ಆಯಿತು.

ಕ್ರೋ ಜನ ಮಾತ್ರ ಆ ಹೊಳೆಯನ್ನು ಬಾಣದ ಹೊಳೆ ಎನ್ನುತ್ತಾರೆ. ಬೆಟ್ಟಗಳಿಗೆ ಅವರು ಇಟ್ಟ ಹೆಸರು ಬಾಹ್ಪೂವೊ, ಅಂದರೆ ಬಂಡೆಗೆ ಹೊಡೆಯುವ ಜಾಗ. ಅಲ್ಲಿ ಮೊಣಕಾಲೆತ್ತರದ ಕುಳ್ಳ ಜನ ವಾಸಿಸುತ್ತಾರೆ, ಗಾತ್ರ ಸಣ್ಣದಾದರೂ ಅವರ ಬಲ ಭಯಂಕರ, ಮೆಚ್ಚಿದರೆ ಕಾಯುತ್ತಾರೆ ಎಂಬುದು ಕ್ರೋ ನಂಬಿಕೆ. ಆ ಕಣಿವೆ ದಾಟುವವರು ಬಂಡೆಯ ಬಿರುಕಿಗೆ ಒಂದು ಬಾಣ ಬಿಟ್ಟು, ಕುಳ್ಳರಿಗೆ ಕಾಣಿಕೆ ಸಲ್ಲಿಸಿ ಮುಂದೆ ಹೋಗಬೇಕಿತ್ತು. ಅಲ್ಲಿ ಏನು ಮಾಡಬೇಕು ಎಂಬುದನ್ನೇ ಆ ಹೆಸರು ಹೇಳುತ್ತದೆ. ಹೆಸರು ಗೊತ್ತಿದ್ದವನಿಗೆ ಬೇರೆ ಸೂಚನೆ ಬೇಕಿಲ್ಲ.

ಕ್ರೋ ಎನ್ನುವುದೂ ಹೊರಗಿನವರು ಅಂಟಿಸಿದ ಹೆಸರೇ. ಅವರು ತಮ್ಮನ್ನು ಅಪ್ಸಾಲೋಕೆ ಎಂದು ಕರೆದುಕೊಳ್ಳುತ್ತಾರೆ: ದೊಡ್ಡ ಕೊಕ್ಕಿನ ಹಕ್ಕಿಯ ಮಕ್ಕಳು. ಆ ಹಕ್ಕಿ ಯಾವುದೆಂಬ ಬಗ್ಗೆ ಒಮ್ಮತವಿಲ್ಲ. ಫ್ರೆಂಚ್ ವ್ಯಾಪಾರಿಗಳು ಅದನ್ನು ಕಾಗೆ ಎಂದುಕೊಂಡರು, ಇಂಗ್ಲಿಷಿನವರು ಅದನ್ನೇ ಎತ್ತಿಕೊಂಡರು. ನಮ್ಮ ಶಾಲಾ ಪುಸ್ತಕಗಳು ಇವರನ್ನೂ ಉಳಿದ ನೂರಾರು ಬುಡಕಟ್ಟುಗಳನ್ನೂ ಒಟ್ಟಿಗೆ ಸೇರಿಸಿ ರೆಡ್ ಇಂಡಿಯನ್ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದವಲ್ಲ, ಅದಕ್ಕಿಂತ ಕಾಗೆಯೇ ವಾಸಿ.

ಇವರು ಆ ನಾಡಿಗೆ ಬಂದದ್ದಕ್ಕೂ ಒಂದು ಕಥೆ ಇದೆ. ಒಂದು ಕಾಲಕ್ಕೆ ಕ್ರೋ ಮತ್ತು ಹಿದಾತ್ಸಾ ಎಂಬ ಇನ್ನೊಂದು ಬುಡಕಟ್ಟು ಒಂದೇ ಜನ. ಇಬ್ಬರ ಭಾಷೆ ಇಂದಿಗೂ ಹತ್ತಿರದ ನೆಂಟರಂತಿವೆ. ಈಗಿನ ನಾರ್ತ್ ಡಕೋಟಾದ ಒಂದು ಸರೋವರದ ಬಳಿ ಅಣ್ಣತಮ್ಮಂದಿರಿಬ್ಬರು ಉಪವಾಸ ಕೂತು ದರ್ಶನ ಪಡೆದರು. ಒಬ್ಬನಿಗೆ ಮೆಕ್ಕೆಜೋಳ ಸಿಕ್ಕಿತು, ಅವನ ಕಡೆಯವರು ನೆಲೆ ನಿಂತು ಬೇಸಾಯ ಹಿಡಿದರು. ಇನ್ನೊಬ್ಬನ ಹೆಸರು ನೋ ವೈಟಲ್ಸ್. ಅವನಿಗೆ ಸಿಕ್ಕಿದ್ದು ಪವಿತ್ರ ತಂಬಾಕಿನ ಬೀಜ, ಜೊತೆಗೆ ಅದು ಬೆಳೆಯುವ ಬೆಟ್ಟವನ್ನು ಹುಡುಕು ಎಂಬ ಆದೇಶ. ಅವನ ಬೆನ್ನು ಹಿಡಿದವರು ತಲೆಮಾರುಗಟ್ಟಲೆ ಅಲೆದರು. ಉತ್ತರದಲ್ಲಿ ಕೆನಡಾದ ಗಡಿಯಾಚೆಗೂ, ದಕ್ಷಿಣದಲ್ಲಿ ಗ್ರೇಟ್ ಸಾಲ್ಟ್ ಲೇಕ್‌ವರೆಗೂ ಹೋದರೆಂದು ಹಿರಿಯರು ಹೇಳುತ್ತಾರೆ. 2016ರಲ್ಲಿ ತಮ್ಮ 102ನೇ ವಯಸ್ಸಿನಲ್ಲಿ ತೀರಿಕೊಂಡ ಕ್ರೋ ಇತಿಹಾಸಕಾರ ಜೋಸೆಫ್ ಮೆಡಿಸಿನ್ ಕ್ರೋ ಈ ಪಯಣದ ಕಥೆಯನ್ನು ಹೊಸ ತಲೆಮಾರಿಗೆ ದಾಟಿಸಿದವರಲ್ಲಿ ಮುಖ್ಯರು. ಕೊನೆಗೆ ಬಿಗ್‌ಹಾರ್ನ್ ಬೆಟ್ಟಸಾಲಿನ ಬುಡದಲ್ಲಿ ತಂಬಾಕಿನ ಬೀಜ ನಕ್ಷತ್ರಗಳಂತೆ ಮಿನುಗುವುದು ಕಂಡಿತು, ಅಲೆದಾಟ ನಿಂತಿತು. ಆ ಸಾಲಿನಲ್ಲಿ 4,013 ಮೀಟರ್ ಎತ್ತರದ ಶಿಖರಕ್ಕೆ ನಕ್ಷೆಯಲ್ಲಿ ಕ್ಲೌಡ್ ಪೀಕ್ ಎಂದು ಹೆಸರು. ಕ್ರೋ ಜನರ ಅಲೆದಾಟದ ಕಥೆಯಲ್ಲಿ ಕೊನೆಯ ನಿಲ್ದಾಣ ಅದೇ.

ಹೀಗೆ ಹುಡುಕಿ ಪಡೆದ ನಾಡಿನ ಎಲ್ಲೆ ಎಷ್ಟು? 1868ರ ಸುಮಾರಿಗೆ ಸರ್ಕಾರದವರು ಕೇಳಿದಾಗ ನಾಯಕ ಸಿಟ್ಸ್ ಇನ್ ದ ಮಿಡಲ್ ಆಫ್ ದ ಲ್ಯಾಂಡ್ ತಮ್ಮ ಟೀಪೀ ಡೇರೆಯ ನಾಲ್ಕು ಗಳುಗಳನ್ನು ಲೆಕ್ಕ ಹಾಕಿ ತೋರಿಸಿದರೆಂದು ಕ್ರೋ ಜನ ನೆನೆಯುತ್ತಾರೆ. ಒಂದು ಗಳು ಯೆಲ್ಲೋಸ್ಟೋನ್ ನದಿಯ ಮೇಲೆ, ಒಂದು ವೈಟ್ ರಿವರ್‌ನಲ್ಲಿ, ಒಂದು ವಿಂಡ್ ರಿವರ್‌ನಲ್ಲಿ, ಮತ್ತೊಂದು ಬ್ರಿಡ್ಜರ್ ಬೆಟ್ಟದ ಮೇಲೆ. ಸರ್ಕಾರದ ಬಳಿ ಬೇರೆ ಲೆಕ್ಕ ಇತ್ತು. 1851ರ ಲಾರಮೀ ಕೋಟೆಯ ಒಪ್ಪಂದದಲ್ಲಿ ಸುಮಾರು 3.8 ಕೋಟಿ ಎಕರೆ ಕ್ರೋ ನಾಡೆಂದು ಒಪ್ಪಿಕೊಂಡಿದ್ದವರೇ 1868ರ ಒಪ್ಪಂದದಲ್ಲಿ ಅದನ್ನು 80 ಲಕ್ಷಕ್ಕೆ ಇಳಿಸಿದರು. ಆಮೇಲೆ ಗಣಿಗೆ, ದನ ಮೇಯಿಸುವವರಿಗೆ, ವಲಸಿಗರಿಗೆ ಎಂದು 1882, 1891, 1904ರಲ್ಲಿ ಮತ್ತೆ ಮತ್ತೆ ಕತ್ತರಿಸಿ ಉಳಿದದ್ದು ಸುಮಾರು 23 ಲಕ್ಷ ಎಕರೆ.

ಬಿಗ್‌ಹಾರ್ನ್ ನದಿಯ ಕಥೆಯನ್ನು ಮಾತ್ರ ನಿಧಾನವಾಗಿ ಹೇಳಬೇಕು.

ಒಬ್ಬ ಹುಡುಗ, ಅವನಿಗೊಬ್ಬ ಮಲತಂದೆ. ಹುಡುಗನನ್ನು ಕಂಡರೆ ಅವನಿಗಾಗದು. ಬೇಟೆಗೆ ಹೋಗೋಣ ಎಂದು ಕರೆದುಕೊಂಡು ಹೋಗಿ ನದಿಕಂದರದ ಅಂಚಿನಿಂದ ಕೆಳಕ್ಕೆ ತಳ್ಳಿಬಿಟ್ಟ. ಹುಡುಗ ಬಂಡೆಯ ಮಗ್ಗುಲಲ್ಲಿ ಬೆಳೆದ ಮರಕ್ಕೆ ಸಿಕ್ಕಿಕೊಂಡ. ಮೇಲಕ್ಕೆ ಹತ್ತುವಂತಿಲ್ಲ, ಕೆಳಕ್ಕೆ ಇಳಿಯುವಂತಿಲ್ಲ. ಆ ಸ್ಥಿತಿಯಲ್ಲಿ ಅವನನ್ನು ಕಂಡವು ಏಳು ಕಾಡು ಟಗರುಗಳು, ಸುರುಳಿಕೊಂಬಿನ ಬಿಗ್‌ಹಾರ್ನ್ ಜಾತಿಯವು. ಮುಂದಾಳು ಟಗರಿನ ಕೊಂಬು, ಗೊರಸು ಎರಡೂ ಲೋಹದವು, ಹೊಳೆಯುತ್ತಿದ್ದವು. ಅದರ ಹೆಸರು ಬಿಗ್ ಮೆಟಲ್. ಟಗರುಗಳು ಹುಡುಗನನ್ನು ಬದುಕಿಸಿದವು. ಮುಂದಾಳು ತನ್ನ ಹೆಸರನ್ನೇ ಅವನಿಗೆ ಕೊಟ್ಟಿತು. ಉಳಿದವು ಚುರುಕು ಕಣ್ಣು, ಚುರುಕು ಕಿವಿ, ಜಾರದ ಹೆಜ್ಜೆ, ಗಟ್ಟಿ ಗುಂಡಿಗೆ ಎಂದು ಒಂದೊಂದು ವರ ಕೊಟ್ಟವು. ಕಳಿಸುವಾಗ ಒಂದು ಕಟ್ಟಪ್ಪಣೆ ಮಾಡಿದವು: ಈ ಬೆಟ್ಟವನ್ನು ಆಳುವವರು ನಾವು ಏಳು ಮಂದಿ, ಕೆಳಗೆ ಹರಿಯುವುದು ಬಿಗ್‌ಹಾರ್ನ್ ನದಿ, ಅದರ ಹೆಸರು ಬದಲಿಸಬೇಡಿ, ಬದಲಿಸಿದ ದಿನ ನಿಮ್ಮ ಜನ ಇರುವುದಿಲ್ಲ.

ವಿಚಿತ್ರವೆಂದರೆ, ಬಿಳಿಯರು ಆ ಸೀಮೆಯಲ್ಲಿ ಬದಲಿಸದೆ ಬಿಟ್ಟ ಕೆಲವೇ ಹೆಸರುಗಳಲ್ಲಿ ಇದೂ ಒಂದು. 1805ರಲ್ಲಿ ಕ್ರೋ ಜನರ ಜೊತೆ ಅಲ್ಲಿಗೆ ಬಂದ ತುಪ್ಪಳ ವ್ಯಾಪಾರಿ ಫ್ರಾಂಸ್ವಾ ಲಾರೋಕ್ ಅದನ್ನು ಫ್ರೆಂಚಿನಲ್ಲಿ ದೊಡ್ಡ ಕೊಂಬುಗಳ ನದಿ ಎಂದೇ ಬರೆದುಕೊಂಡ. ಹೆಸರು ಉಳಿಯಿತು, ಬದಲಾದದ್ದು ನದಿ. ಆ ಕಂದರಕ್ಕೆ ಅಡ್ಡಲಾಗಿ ಅಣೆಕಟ್ಟು ಕಟ್ಟುವ ಯೋಜನೆ ಬಂದಾಗ ಕ್ರೋ ಜನ ಇಬ್ಭಾಗವಾದರು. ಮಾರಿ ಹಣ ಪಡೆಯೋಣ ಎಂದವರು ಒಂದು ಕಡೆ. ಬೇಡ, ಬೇಕಿದ್ದರೆ ಗುತ್ತಿಗೆಗೆ ಕೊಟ್ಟು ವರ್ಷ ವರ್ಷ ಬಾಡಿಗೆ ಪಡೆಯೋಣ ಎಂದು ಹಠ ಹಿಡಿದ ರಾಬರ್ಟ್ ಯೆಲ್ಲೋಟೇಲ್ ಇನ್ನೊಂದು ಕಡೆ. ಅವರು ಸಾಮಾನ್ಯ ವ್ಯಕ್ತಿಯಲ್ಲ. ಮೀಸಲು ಪ್ರದೇಶವನ್ನು ಮುಕ್ತ ವಲಸೆಗೆ ತೆರೆಯುವ ಮಸೂದೆಗಳ ವಿರುದ್ಧ ವಾಷಿಂಗ್ಟನ್ನಿನಲ್ಲಿ ವಾದಿಸಿದವರು, 1934ರಲ್ಲಿ ತಮ್ಮದೇ ಮೀಸಲು ಪ್ರದೇಶದ ಸೂಪರಿಂಟೆಂಡೆಂಟ್, ಅಂದರೆ ಸರ್ಕಾರದ ಮುಖ್ಯ ಅಧಿಕಾರಿ, ಆದ ಮೊದಲ ಕ್ರೋ. ಆದರೂ ಸೋತರು. 1958ರ ಕಾಯ್ದೆಯಲ್ಲಿ ಸರ್ಕಾರ 25 ಲಕ್ಷ ಡಾಲರ್ ಕೊಟ್ಟು ಜಾಗ ತೆಗೆದುಕೊಂಡಿತು. 525 ಅಡಿ ಎತ್ತರದ ಅಣೆಕಟ್ಟು 1960ರ ದಶಕದಲ್ಲಿ ಎದ್ದು ನಿಂತು, ನೂರಕ್ಕೂ ಹೆಚ್ಚು ಕಿಲೋಮೀಟರ್ ಉದ್ದಕ್ಕೆ ಕಂದರ ಜಲಾಶಯವಾಯಿತು. ಅಣೆಕಟ್ಟಿಗೆ ಇಟ್ಟ ಹೆಸರು ಯೆಲ್ಲೋಟೇಲ್ ಡ್ಯಾಮ್. ವಿರೋಧಿಸಿದವರ ಹೆಸರನ್ನು, ಅವರು ಬದುಕಿರುವಾಗಲೇ, ಕಾಂಕ್ರೀಟಿಗೆ ಮೆತ್ತಿದ್ದಾಯಿತು. 1988ರಲ್ಲಿ ತೀರಿಕೊಳ್ಳುವವರೆಗೆ ಅವರು ಆ ಹೆಸರನ್ನು ಕೇಳುತ್ತಲೇ ಇರಬೇಕಾಯಿತು.

ಆದಿವಾಸಿಗಳ ಸ್ಥಳನಾಮ ಎಂದಾಕ್ಷಣ ದೇವರು, ದರ್ಶನ, ಪುರಾಣ ಎಂದೇ ಹೊರಗಿನವರು ಕಿವಿ ನಿಮಿರಿಸುತ್ತಾರೆ. ಹಾಗಿಲ್ಲ. ಯೆಲ್ಲೋಸ್ಟೋನ್ ನದಿಗೆ ಕ್ರೋ ಹೆಸರು ಎಲ್ಕ್ ಹೊಳೆ, ಎಲ್ಕ್ ಎಂದರೆ ಅಲ್ಲಿಯ ಭಾರೀ ಜಿಂಕೆ. ಅಷ್ಟೇ. ಆ ನದಿಯ ಪಕ್ಕದ ಒಂದು ಒಂಟಿ ಬಂಡೆಗೆ ಕ್ಲಾರ್ಕ್ ತನ್ನ ತಂಡದ ಜೊತೆಗಿದ್ದ ಆದಿವಾಸಿ ಹೆಣ್ಣು ಸಕಾಜವೀಯ ಪುಟ್ಟ ಮಗನ ಮುದ್ದಿನ ಹೆಸರಿಟ್ಟು, 1806ರ ಜುಲೈ 25ರಂದು ಅದರ ಮೇಲೆ ತನ್ನ ಹೆಸರನ್ನೂ ಕೆತ್ತಿದ. ಪಾಂಪೀಸ್ ಪಿಲ್ಲರ್ ಎಂಬ ಹೆಸರಿನ ಮೂಲ ಅದೇ. ಕ್ರೋ ಜನರಿಗೆ ಅದು ಪ್ಯೂಮಾ ಮಲಗುವ ಮನೆ.

ಮೊಂಟಾನಾದ ಅತಿ ದೊಡ್ಡ ನಗರ ಬಿಲ್ಲಿಂಗ್ಸ್. ನಾರ್ದರ್ನ್ ಪೆಸಿಫಿಕ್ ರೈಲು ಕಂಪನಿಯ ಅಧ್ಯಕ್ಷನಾಗಿದ್ದ ಫ್ರೆಡೆರಿಕ್ ಬಿಲ್ಲಿಂಗ್ಸ್‌ನ ಹೆಸರು ಅದು. ಕ್ರೋ ಭಾಷೆಯಲ್ಲಿ ಅದೇ ನಗರ ಅಮ್ಮಲಪಾಶ್ಕುವಾ, ಮರ ಕೊಯ್ಯುವ ಜಾಗ. ಬುಡಕಟ್ಟಿನ ಆಡಳಿತ ಕೇಂದ್ರ ಕ್ರೋ ಏಜೆನ್ಸಿಗೆ ಬಾಖುವುವಾಶೆ ಎನ್ನುತ್ತಾರೆ, ಹಿಟ್ಟಿನ ಗಿರಣಿ ಎಂದರ್ಥ. ಬೈಸನ್ ಹಿಂಡು ಮುಗಿದುಹೋಗಿ, ಏಜೆನ್ಸಿ, ಅಂದರೆ ಮೀಸಲು ಪ್ರದೇಶದ ಸರ್ಕಾರಿ ಕಚೇರಿ, 1884ರಲ್ಲಿ ಲಿಟಲ್ ಬಿಗ್‌ಹಾರ್ನ್ ದಂಡೆಗೆ ಬಂದ ಕಾಲ ಅದು. ಬೇಟೆಗಾರರನ್ನು ಗೋಧಿ ಬೆಳೆಯುವ ರೈತರನ್ನಾಗಿ ಮಾಡಲು ಸರ್ಕಾರ ಹೊರಟಿತ್ತು. ನನಗೆ ಹೆಚ್ಚು ಇಷ್ಟವಾಗುವುದು ಈ ಎರಡು ಹೆಸರುಗಳೇ. ನೆಲ ಕೈತಪ್ಪುತ್ತಿದ್ದಾಗಲೂ ಹೆಸರಿಡುವ ಅಭ್ಯಾಸ ತಪ್ಪಿರಲಿಲ್ಲ. ಬಂದವರ ಗಿರಣಿಯನ್ನೂ ತಮ್ಮದೇ ಮಾತಿನಲ್ಲಿ ಕರೆದು ತಮ್ಮ ಊರಪಟ್ಟಿಗೆ ಸೇರಿಸಿಕೊಂಡರು.

ಕಿವಿ ತಪ್ಪಿ ಹುಟ್ಟಿದ ಹೆಸರೂ ಇದೆ. ಅದೇ ಕಣಿವೆಯ ಲಾಡ್ಜ್ ಗ್ರಾಸ್ ಎಂಬ ಊರಿಗೆ ಲಾಡ್ಜಿನ ಸಂಬಂಧವೇ ಇಲ್ಲ. ದನಕರು ಕೊಬ್ಬುವಷ್ಟು ಸೊಂಪಾದ ಹುಲ್ಲು ಬೆಳೆಯುವ ಆ ಹಳ್ಳಕ್ಕೆ ಜಿಡ್ಡುಹುಲ್ಲಿನ ಹಳ್ಳ ಎಂದಿದ್ದರಂತೆ. ಕ್ರೋ ಮಾತಿನಲ್ಲಿ ಜಿಡ್ಡಿಗೂ ಮನೆಗೂ ಉಚ್ಚಾರ ಹತ್ತಿರ, ದುಭಾಷಿ ಮನೆ, ಅಂದರೆ ಇಂಗ್ಲಿಷಿನ ಲಾಡ್ಜ್, ಎಂದು ತಿಳಿದ.

ಪಕ್ಕದಲ್ಲೇ ಹರಿಯುವ ಲಿಟಲ್ ಬಿಗ್‌ಹಾರ್ನ್ ನದಿಯನ್ನು ಲಕೋಟಾ ಬುಡಕಟ್ಟಿನ ಜನ ಜಿಡ್ಡುಹುಲ್ಲು ಎಂದೇ ಕರೆಯುತ್ತಾರೆ. 1876ರ ಜೂನ್ 25ರಂದು ಅಮೆರಿಕ ಸೇನೆಯ ಅಧಿಕಾರಿ ಜಾರ್ಜ್ ಕಸ್ಟರ್ ಲಕೋಟಾ ಮತ್ತು ಶಯೆನ್ ಬುಡಕಟ್ಟುಗಳೊಡನೆ ಕಾದಿ, ತನ್ನ ಜೊತೆಗಿದ್ದ ಸೈನಿಕರ ಸಮೇತ ಸತ್ತದ್ದು ಅಲ್ಲಿ. ಕಸ್ಟರ್‌ನ ದಂಡಿಗೆ ದಾರಿ ತೋರಿಸಿದ ಬೇಹಿನವರಲ್ಲಿ ಕರ್ಲಿ, ವೈಟ್ ಮ್ಯಾನ್ ರನ್ಸ್ ಹಿಮ್ ಸೇರಿ ಆರು ಮಂದಿ ಕ್ರೋ ಯುವಕರಿದ್ದರು. ಲಕೋಟಾಗಳು ತಮ್ಮ ನೆಲಕ್ಕೆ ನುಗ್ಗಿದ ಹಳೆಯ ಶತ್ರುಗಳೆಂಬ ಕಾರಣಕ್ಕೆ ಸೈನ್ಯದ ಪರ ನಿಂತವರು. ಹಾಗಾಗಿ ಆ ಜಾಗದ ಹೆಸರಿನ ಜಗಳವನ್ನು ಬಿಳಿಯರು ಒಂದು ಕಡೆ, ಆದಿವಾಸಿಗಳು ಇನ್ನೊಂದು ಕಡೆ ಎಂದು ಸರಳ ಮಾಡಲು ಬರುವುದಿಲ್ಲ. ರಣಭೂಮಿ ಇರುವುದು ಕ್ರೋ ಮೀಸಲು ಪ್ರದೇಶದೊಳಗೆ, ಗೆದ್ದವರು ಲಕೋಟಾ ಮತ್ತು ಶಯೆನ್, ಸ್ಮಾರಕದ ಫಲಕದ ಮೇಲೆ ಬಹುಕಾಲ ಇದ್ದದ್ದು ಸೋತವನ ಹೆಸರು. ಕಸ್ಟರ್ ಬ್ಯಾಟಲ್‌ಫೀಲ್ಡ್ ಹೋಗಿ ಲಿಟಲ್ ಬಿಗ್‌ಹಾರ್ನ್ ಬ್ಯಾಟಲ್‌ಫೀಲ್ಡ್ ಆಗಲು 1991 ಬರಬೇಕಾಯಿತು.

ಇತ್ತೀಚೆಗೆ ಹೆಸರು ಬದಲಾಯಿಸುವ ಕೆಲಸಕ್ಕೆ ಅಲ್ಲಿ ವೇಗ ಬಂದಿದೆ. 1870ರಲ್ಲಿ ಪೀಗನ್ ಎಂಬ ಆದಿವಾಸಿ ಜನರ ಹತ್ಯಾಕಾಂಡದಲ್ಲಿ ಪಾಲ್ಗೊಂಡಿದ್ದ ಸೇನಾಧಿಕಾರಿಯ ಹೆಸರು ಹೊತ್ತಿದ್ದ ಯೆಲ್ಲೋಸ್ಟೋನ್ ಉದ್ಯಾನದ ಮೌಂಟ್ ಡೋನ್ 2022ರಲ್ಲಿ ಫಸ್ಟ್ ಪೀಪಲ್ಸ್ ಮೌಂಟನ್ ಆಯಿತು. ಆದಿವಾಸಿ ಹೆಂಗಸರನ್ನು ಹೀನಾಯವಾಗಿ ಕರೆಯುವ ಪದವಿದ್ದ ಆರುನೂರಕ್ಕೂ ಹೆಚ್ಚು ಜಾಗಗಳ ಹೆಸರನ್ನು ಅಮೆರಿಕದ ಕೇಂದ್ರ ಸರ್ಕಾರ ಅದೇ ವರ್ಷ ತೆಗೆದುಹಾಕಿತು. ಕ್ರೋ ಏಜೆನ್ಸಿಯ ಲಿಟಲ್ ಬಿಗ್ ಹಾರ್ನ್ ಕಾಲೇಜು ಇನ್ನೊಂದು ಬಗೆಯ ಕೆಲಸ ಮಾಡುತ್ತಿದೆ. ಫಲಕ ಬದಲಿಸುವ ತಂಟೆಗೆ ಹೋಗದೆ, ಹಿರಿಯರ ಬಾಯಲ್ಲಿರುವ ಊರು, ಹಳ್ಳ, ಗುಡ್ಡಗಳ ಹೆಸರುಗಳನ್ನು ಅರ್ಥ ಸಮೇತ ಒಂದೆಡೆ ಸೇರಿಸಿಡುತ್ತಿದೆ.

ಹೆಸರು ಸಿಕ್ಕಿದ ಮಾತ್ರಕ್ಕೆ ಜಾಗ ಸಿಗುವುದಿಲ್ಲ ಎಂಬುದಕ್ಕೆ ಮೊಂಟಾನಾದ ಕ್ರೇಜಿ ಬೆಟ್ಟಗಳು ಸಾಕ್ಷಿ. ಕ್ರೋ ಭಾಷೆಯಲ್ಲಿ ಅವು ಭಯ ಹುಟ್ಟಿಸುವ ಬೆಟ್ಟಗಳು. ಉಪವಾಸ ಕೂತು ದರ್ಶನ ಬೇಡಲು ಹೋಗುತ್ತಿದ್ದ ಜಾಗ. ಮುಂದೆ ನಾಯಕನಾದ ಪ್ಲೆಂಟಿ ಕೂ ಹುಡುಗನಾಗಿದ್ದಾಗ ಅಲ್ಲಿ ಕಂಡ ಕನಸು ಕ್ರೋ ಜನರ ರಾಜಕೀಯವನ್ನೇ ತಿರುಗಿಸಿತು. ಬೈಸನ್‌ಗಳೆಲ್ಲ ನೆಲದ ಬಿಲದಿಂದ ಹೊರಬಂದು ಕಾಣೆಯಾಗಿ, ಆಮೇಲೆ ಅಲ್ಲಿಂದ ಮಚ್ಚೆಮಚ್ಚೆಯ ದನಗಳು ಹೊರಬಂದವು. ಬಿರುಗಾಳಿಗೆ ಕಾಡೆಲ್ಲ ಉರುಳಿ, ಚಿಕಡೀ ಎಂಬ ಪುಟ್ಟ ಹಕ್ಕಿಯ ಗೂಡಿದ್ದ ಒಂದೇ ಮರ ಉಳಿಯಿತು. ಆ ಹಕ್ಕಿಯಂತೆ ಇತರರನ್ನು ನೋಡಿ ಕಲಿಯಿರಿ, ಬಿಳಿಯರೊಡನೆ ಕಾದಬೇಡಿ ಎಂದು ಹಿರಿಯರು ಅದನ್ನು ಬಿಡಿಸಿ ಹೇಳಿದರು.

1868ರ ಒಪ್ಪಂದದಲ್ಲಿ ಆ ಬೆಟ್ಟಗಳು ಕ್ರೋ ಎಲ್ಲೆಯಿಂದ ಹೊರಗುಳಿದವು. ನಾರ್ದರ್ನ್ ಪೆಸಿಫಿಕ್ ರೈಲಿಗೆ ಸರ್ಕಾರ ಒಂದು ಬಿಟ್ಟು ಒಂದು ಚೌಕದಂತೆ ಭೂಮಿ ದಾನ ಮಾಡಿದ್ದರಿಂದ ಚದುರಂಗದ ಹಾಸಿನಂತೆ ಅರ್ಧ ಸರ್ಕಾರದ್ದು, ಅರ್ಧ ಖಾಸಗಿಯವರದ್ದು ಎಂದು ಹರಿದು ಹಂಚಿಹೋದವು. ಅತಿ ಎತ್ತರದ ಶಿಖರವೇ ಖಾಸಗಿ ಜಮೀನಿನಲ್ಲಿದೆ. ಅಲ್ಲಿನ ಜಮೀನು ಅದಲುಬದಲಿಗೆ 2025ರ ಜನವರಿಯಲ್ಲಿ ಒಪ್ಪಿಗೆ ಸಿಕ್ಕಾಗ ಕ್ರೋ ಜನ ಆ ಶಿಖರ ಹತ್ತಲು ಅವಕಾಶ ಕೊಡುವ ಮಾತೂ ಅದರ ಜೊತೆ ಸೇರಿತ್ತು. ಒಪ್ಪಿಗೆ ಕೊಟ್ಟ ಅರಣ್ಯ ಕಚೇರಿಯ ಹೆಸರು ಕಸ್ಟರ್ ಗ್ಯಾಲಟಿನ್ ನ್ಯಾಷನಲ್ ಫಾರೆಸ್ಟ್.